ತಿರುಗಿಸಿ ಮತ್ತೊಮ್ಮೆ ಅಳೆ

ಬರ್ಕತ್‌ಪುರ, ಹೈದರಾಬಾದ್
ಆಷಾಢದ ಮೊದಲ ವಾರ

ಪ್ರೀತಿಯ ತಮ್ಮಾ,

ನಿನ್ನ ಮಿಲ್ಲಿಂಗ್ ಮಷೀನು ಹುಬ್ಬಳ್ಳಿಗೆ ಬಂದಿಳಿಯಿತೆಂದು ಕೇಳಿ ಎಷ್ಟು ಸಂತೋಷವಾಯಿತೋ ಹೇಳಲಾರೆ. ಅಕ್ಕ ಬರೆದು ಕಳಿಸುವ ತನಕ ಪೆಟ್ಟಿಗೆ ಬಿಚ್ಚುವುದಿಲ್ಲ ಅಂದೆಯಲ್ಲ, ಆ ಮಾತು ಇನ್ನೂ ಹಿತವಾಯಿತು. ಫೋನಿನಲ್ಲಿ ಹೇಳಿದ್ದು ಅರ್ಧ ಹಾರಿಹೋಗುತ್ತದೆ. ಕಾಗದವನ್ನಾದರೆ ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಬಹುದು. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ. ಅವಸರ ಬೇಡ, ನಿಧಾನವಾಗಿ ಓದು.

ಇಡೀ ನೌಕರಿಯನ್ನು ಬ್ಯಾಂಕಿನ ಲೆಡ್ಜರುಗಳ ನಡುವೆ ಕಳೆದವನು ನಿವೃತ್ತಿಯ ಹಣದಲ್ಲಿ ಮಷೀನು ಕೊಂಡನೆಂದು ನಿನ್ನ ಗೆಳೆಯರು ಅಚ್ಚರಿಪಟ್ಟಿರಬಹುದು. ನನಗೆ ಅಚ್ಚರಿಯಾಗಲಿಲ್ಲ. ನೃಪತುಂಗ ಶಾಲೆ ಬಿಟ್ಟ ಮೇಲೆ ಮನೆಗೆ ಬಾರದೆ ಕಾಚಿಗುಡ ಸ್ಟೇಷನ್ನಿಗೆ ಓಡುತ್ತಿದ್ದ ಹುಡುಗ ನೀನು. 1916ರಲ್ಲಿ ನಿಜಾಮರ ಕಾಲದಲ್ಲಿ ಕಟ್ಟಿದ ಆ ಸ್ಟೇಷನ್ನಿನಲ್ಲಿ ಮೀಟರ್‌ಗೇಜಿನ ವೈಪಿ ಎಂಜಿನ್ ಉಗಿ ಬಿಡುತ್ತ ನಿಂತರೆ ನಿನ್ನನ್ನು ಅಲ್ಲಿಂದ ಎಬ್ಬಿಸಿ ತರುವುದು ನನ್ನ ಪಾಲಿನ ಕೆಲಸವಾಗಿತ್ತು. ಅದರ ಸಿಲಿಂಡರ್ ಹೇಗಿರುತ್ತದೆ, ಉಗಿ ಯಾವ ಬದಿಯಿಂದ ಒಳಗೆ ಹೋಗುತ್ತದೆ ಎಂದು ಅಪ್ಪನನ್ನು ಕೇಳಿ ಕೇಳಿ ದಣಿಸುತ್ತಿದ್ದೆ. ಈಗ ಒಂದು ಚಿಕ್ಕ ಉಗಿ ಎಂಜಿನ್ನನ್ನು ಕೈಯಾರೆ ಮಾಡಿ ಓಡಿಸುವ ಆಸೆ ಎಂದು ಬರೆದಿದ್ದೀಯ. ಆ ಆಸೆ ತೀರಲಿ. ಅದು ತೀರಬೇಕಾದರೆ ಎಂಜಿನ್ನಿಗಿಂತ ಮೊದಲು ಮಷೀನನ್ನು ಸಿದ್ಧಮಾಡಬೇಕು. ಈ ಕಾಗದ ಅದರ ಬಗ್ಗೆ.

ನಾನು ಬಾಲಾನಗರದ ಟೂಲ್‌ರೂಮುಗಳಲ್ಲಿ ಕಲಿತು, ಆಮೇಲೆ ಹುಡುಗರಿಗೆ ಕಲಿಸಿದ ವಿದ್ಯೆಯನ್ನೆಲ್ಲ ಹಿಂಡಿದರೆ ಉಳಿಯುವುದು ಇಷ್ಟು: ಹೊಸ ಮಷೀನಿನ ಯಾವ ಬೋಲ್ಟನ್ನೂ ಮುಟ್ಟುವ ಮೊದಲು ಅಳೆ. ಅಳೆದ ಸಾಧನವನ್ನು ತಿರುಗಿಸಿಟ್ಟು ಮತ್ತೊಮ್ಮೆ ಅಳೆ. ಎರಡೂ ಸಂಖ್ಯೆಗಳನ್ನು ಬರೆದಿಟ್ಟ ಮೇಲೆ ಸ್ಪ್ಯಾನರ್ ಎತ್ತಿಕೋ. ಮುಂದಿನದೆಲ್ಲ ಇದರ ವಿವರಣೆ.

ಅಪ್ಪನ ಕೆಲಸ ನಿನಗೆ ನೆನಪಿದೆಯೋ ಇಲ್ಲವೋ, ನೀನು ಆಗ ಬಹಳ ಚಿಕ್ಕವನು. ಕವಾಡಿಗುಡದ ಪ್ರಾಗಾ ಟೂಲ್ಸ್‌ನಲ್ಲಿ ಅವರು ಫಿಟ್ಟರ್. 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ ಶುರುವಾದ ಕಾರ್ಖಾನೆ ಅದು. ಅಲ್ಲಿನ ಟೂಲ್ ಅಂಡ್ ಕಟರ್ ಗ್ರೈಂಡರುಗಳು ದೇಶದ ಎಷ್ಟೋ ಟೂಲ್‌ರೂಮುಗಳಲ್ಲಿದ್ದವು. ಆಮೇಲೆ 1965ರಲ್ಲಿ ಬೆಂಗಳೂರಿನ ಎಚ್‌ಎಂಟಿಯ ಘಟಕವೂ ಇಲ್ಲಿಗೆ ಬಂತು, 1968ರಲ್ಲಿ ಬಾಲಾನಗರದಲ್ಲಿ ಟೂಲ್ ಡಿಸೈನ್ ಸಂಸ್ಥೆ ಶುರುವಾಯಿತು. ರಾಯಚೂರು, ಬೀದರ್, ಕಲಬುರಗಿಯಿಂದ ಬಂದ ನಮ್ಮಂಥ ಎಷ್ಟೋ ಮನೆಗಳ ಅನ್ನ ಇಲ್ಲಿನ ಶಾಪ್‌ಫ್ಲೋರಿನಿಂದಲೇ ಬಂತು. ಅಪ್ಪ ನನಗೆ ಮೊದಲು ತೋರಿಸಿದ ಕಾಗದ ಯಾವುದು ಗೊತ್ತೇ? ಒಂದು ಗ್ರೈಂಡರಿನ ಟೆಸ್ಟ್ ಚಾರ್ಟ್. ಸ್ಪಿಂಡಲ್ ಎಷ್ಟು ಅಲ್ಲಾಡಬಹುದು, ಎಷ್ಟು ಅಲ್ಲಾಡಿತು. ಟೇಬಲ್ ಎಷ್ಟು ಏರುಪೇರಾಗಬಹುದು, ಎಷ್ಟಾಯಿತು. ಒಂದು ಸಾಲಿನಲ್ಲಿ ಒಪ್ಪಬಹುದಾದ ಅಂಕಿ, ಪಕ್ಕದಲ್ಲಿ ನಿಜವಾಗಿ ಬಂದ ಅಂಕಿ, ಕೆಳಗೆ ಅಳೆದವರ ಸಹಿ.

ಈ ಪದ್ಧತಿಗೆ ಗಟ್ಟಿ ರೂಪ ಕೊಟ್ಟವರು ಬರ್ಲಿನ್ನಿನ ಪ್ರಾಧ್ಯಾಪಕ ಗಿಯಾರ್ಗ್ ಶ್ಲೆಸಿಂಗರ್. ಮಷೀನನ್ನು ಯಾವ ಕ್ರಮದಲ್ಲಿ, ಯಾವ ಸಾಧನದಿಂದ, ಎಲ್ಲೆಲ್ಲಿ ಅಳೆಯಬೇಕೆಂದು 1920ರ ದಶಕದಲ್ಲಿ ಅವರು ಪುಸ್ತಕವಾಗಿ ಬರೆದರು. ಯಹೂದಿಯಾಗಿದ್ದ ಅವರನ್ನು ಹಿಟ್ಲರನ ಆಡಳಿತ ದೇಶ ಬಿಡಿಸಿತು. ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆ ಕಂಡರು. ಅವರ ಪಟ್ಟಿಗಳು ಮಾತ್ರ ಎಲ್ಲ ದೇಶಗಳ ಕಾರ್ಖಾನೆಗಳಿಗೂ ಹೋದವು. ನಿನ್ನ ಮಷೀನಿನ ಪೆಟ್ಟಿಗೆಯಲ್ಲೂ ಅಚ್ಚಾದ ಒಂದು ಚಾರ್ಟ್ ಇರಬಹುದು. ಅದನ್ನು ಜೋಪಾನವಾಗಿಡು, ಆದರೆ ನಂಬಿ ಕೂರಬೇಡ. ಅದರಲ್ಲಿರುವುದು ಕಾರ್ಖಾನೆ ಬಿಟ್ಟ ದಿನದ ಮಾತು. ಅಲ್ಲಿಂದ ಹಡಗು, ಲಾರಿ, ಗುಂಡಿ ಬಿದ್ದ ರಸ್ತೆ ಎಲ್ಲ ದಾಟಿ ಬಂದಿದೆ ನಿನ್ನ ಮಷೀನು. ನಿನ್ನ ಮಷೀನಿನ ಚಾರ್ಟನ್ನು ನೀನೇ ಬರೆಯಬೇಕು.

ಈಗ ಪೆಟ್ಟಿಗೆಯ ಮಾತು. ನನ್ನ ಮಷೀನೂ ನಿನ್ನದರ ಅಳತೆಯದ್ದೇ, ಸುಮಾರು 110 ಕಿಲೋ ತೂಗುತ್ತದೆ. ಒಬ್ಬನೇ ಎತ್ತುವ ಯೋಚನೆ ಮಾಡಬೇಡ. ಬೆನ್ನು ಹೋದರೆ ಎಂಜಿನ್ ಮಾಡುವವರಾರು? ಗೋಕುಲ ರಸ್ತೆಯ ವರ್ಕ್‌ಶಾಪುಗಳಲ್ಲಿ ಚೈನ್ ಬ್ಲಾಕ್ ಇರುವವರನ್ನು ಕರೆಸು. ಟೇಬಲ್ಲಿಗಾಗಲಿ ಸ್ಪಿಂಡಲ್ಲಿಗಾಗಲಿ ಹಗ್ಗ ಹಾಕಿ ಎತ್ತಲು ಬಿಡಬೇಡ. ಬೀಡು ಕಬ್ಬಿಣದ ಬೇಸ್ ಮತ್ತು ನೆಟ್ಟಗೆ ನಿಂತ ಕಾಲಮ್ಮಿನ ಮೇಲೆ ಮಾತ್ರ ಭಾರ ಬೀಳಬೇಕು.

ಸ್ಟ್ಯಾಂಡ್ ಗಟ್ಟಿಯಾಗಿರಲಿ. ನಾನು ಚೌಕ ಪೈಪಿನ ಸ್ಟ್ಯಾಂಡ್ ವೆಲ್ಡ್ ಮಾಡಿಸಿ, ಮೇಲೆ ದಪ್ಪ ಉಕ್ಕಿನ ಪ್ಲೇಟ್ ಹಾಕಿಸಿ, ನಾಲ್ಕೂ ಕಾಲಿಗೆ ತಿರುಗಿಸಿ ಎತ್ತರ ಹೊಂದಿಸುವ ಬೋಲ್ಟ್ ಇಡಿಸಿದ್ದೇನೆ. ಮಿಲ್ಲಿಂಗ್ ಮಷೀನು ಕೂದಲೆಳೆಯಷ್ಟೂ ತಪ್ಪದೆ ಮಟ್ಟವಾಗಿ ಕೂರಬೇಕೆಂಬ ನಿಯಮವಿಲ್ಲ. ಅದರ ಬೇಸ್ ತಿರುಚಿಕೊಳ್ಳಬಾರದು, ಅಷ್ಟೇ ನಿಯಮ. ಬೇಸಿನ ಒಂದು ಮೂಲೆ ಕೆಳಗೆ ಸಂದು ಇದ್ದು, ನೀನು ಅಲ್ಲಿಯ ಬೋಲ್ಟನ್ನು ಬಲವಾಗಿ ಬಿಗಿದರೆ, ಬೀಡು ಕಬ್ಬಿಣವೂ ಬಗ್ಗುತ್ತದೆ. ಜೊತೆಗೆ ಕಾಲಮ್ಮೂ ವಾಲುತ್ತದೆ. ಆದ್ದರಿಂದ ಬೇಸಿನ ಬೋಲ್ಟು ಬಿಗಿಯುವಾಗ ಟೇಬಲ್ ಮೇಲೆ ಡಯಲ್ (ಸಣ್ಣ ಅಲುಗಾಟವನ್ನೂ ಸೂಜಿಯಿಂದ ತೋರಿಸುವ ಮಾಪಕ) ನಿಲ್ಲಿಸಿ, ಅದರ ಮೊನೆಯನ್ನು ಸ್ಪಿಂಡಲ್ ಹೊತ್ತ ಹೆಡ್ಡಿಗೆ ತಾಗಿಸಿಡು. ಬೋಲ್ಟು ಬಿಗಿದಂತೆ ಸೂಜಿ ಓಡಿದರೆ, ಆ ಮೂಲೆಯ ಕೆಳಗೆ ಶಿಮ್, ಅಂದರೆ ತೆಳು ಲೋಹದ ಹಾಳೆಯ ತುಂಡು, ಹಾಕು. ಸೂಜಿ ನಿಂತಲ್ಲೇ ನಿಂತರೆ ಬೇಸ್ ಸುಖವಾಗಿದೆ ಎಂದರ್ಥ.

ಮಟ್ಟಗೋಲು ಇಡುವಾಗಲೇ ತಿರುಗಿಸುವ ಪಾಠ ಶುರುವಾಗಲಿ. ಗುಳ್ಳೆ ಒಂದು ಕಡೆ ಸರಿದರೆ ಟೇಬಲ್ ವಾಲಿದೆಯೋ, ಮಟ್ಟಗೋಲೇ ಸುಳ್ಳು ಹೇಳುತ್ತಿದೆಯೋ? ಗೋಲನ್ನು ತುದಿ ಅದಲುಬದಲು ಮಾಡಿ ಅದೇ ಜಾಗದಲ್ಲಿಡು. ಗುಳ್ಳೆ ಈಗಲೂ ಕೋಣೆಯ ಅದೇ ದಿಕ್ಕಿಗೆ ಸರಿದರೆ ವಾಲಿರುವುದು ಟೇಬಲ್. ಗೋಲಿನ ಜೊತೆ ತಾನೂ ದಿಕ್ಕು ಬದಲಿಸಿದರೆ ತಪ್ಪು ಗೋಲಿನದು. ನೋಡು, ನಂಬಲಾಗದ ಸಾಧನದಿಂದಲೇ ನಂಬಬಹುದಾದ ಉತ್ತರ ಬಂತು, ಒಂದು ಪೈಸೆಯೂ ಖರ್ಚಾಗದೆ.

ಮಷೀನು ತುಕ್ಕು ಹಿಡಿಯದಿರಲೆಂದು ಹಚ್ಚಿದ ದಪ್ಪ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಊದುಬತ್ತಿ ಬೇಡ. ಟೇಬಲ್ಲನ್ನು ಕಳಚಿ ಸ್ಲೈಡುಗಳ ಒಳಗೆ ನೋಡು. ಈ ಬೆಲೆಯ ಮಷೀನುಗಳಲ್ಲಿ ಕಾರ್ಖಾನೆಯ ಚಿಪ್ಸು, ಸಾಣೆಯ ಪುಡಿ ಗ್ರೀಸಿನೊಳಗೆ ಸಿಕ್ಕಿಕೊಂಡಿರುವುದು ಸಾಮಾನ್ಯ. ಅದು ಹಾಗೇ ಉಳಿದರೆ ಸ್ಲೈಡನ್ನು ತಿನ್ನುತ್ತ ಹೋಗುತ್ತದೆ. ಟೇಬಲ್ ಓಡುವ ಓರೆಬದಿಯ ಜಾರುದಾರಿಯ, ಅಂದರೆ ಡವ್‌ಟೇಲಿನ, ಅಂಚುಗಳಲ್ಲಿ ಚೂಪಾದ ಬರ್ ಇದ್ದರೆ ನುಣುಪಾದ ಸಾಣೆಕಲ್ಲಿನಿಂದ ಮೆಲ್ಲಗೆ ತೆಗೆ. ಆಮೇಲೆ 68 ಗ್ರೇಡಿನ ಸ್ಲೈಡ್‌ವೇ ಆಯಿಲ್ ತೆಳುವಾಗಿ ಹಚ್ಚಿ ಜೋಡಿಸು. ಒರೆಸಿದ ದಿನವೇ ಎಣ್ಣೆ ಹಚ್ಚಬೇಕು. ಹುಬ್ಬಳ್ಳಿಯ ಮಳೆಗಾಲದ ಗಾಳಿಗೆ ಬರಿಯ ಕಬ್ಬಿಣ ಒಂದು ರಾತ್ರಿಯೂ ತಡೆಯುವುದಿಲ್ಲ.

ಇನ್ನು ಗಿಬ್. ಟೇಬಲ್ ಮತ್ತು ಅದು ಓಡುವ ಡವ್‌ಟೇಲಿನ ನಡುವಿನ ಸಂದನ್ನು ತುಂಬುವ ಉಕ್ಕಿನ ಪಟ್ಟಿ ಅದು. ಪಕ್ಕದಲ್ಲಿ ಸಾಲಾಗಿ ಸ್ಕ್ರೂಗಳು, ಅವಕ್ಕೆ ಲಾಕ್‌ನಟ್‌ಗಳು. ಸಡಿಲವಿದ್ದರೆ ಕಟರ್ ತಾಗಿದೊಡನೆ ಟೇಬಲ್ ನಡುಗುತ್ತದೆ. ಬಿಗಿಯಾದರೆ ಹ್ಯಾಂಡಲ್ ತಿರುಗದು, ಸ್ಲೈಡ್ ಸವೆಯುತ್ತದೆ. ಗಿಬ್ಬಿನ ಮೈಗೆ ತಾಗುವ ಜಾಗ ತೋರಿಸುವ ಮಾರ್ಕಿಂಗ್ ನೀಲಿ ಹಚ್ಚಿ ಒಂದೆರಡು ಸಲ ಸರಿಸಿ ತೆಗೆದು ನೋಡು. ನೀಲಿ ಎರಡೇ ಚುಕ್ಕೆಗಳಲ್ಲಿ ಅಂಟಿದ್ದರೆ ಪಟ್ಟಿ ಬಾಗಿದೆ. ಗಾಜಿನ ಮೇಲೆ ನುಣುಪಾದ ಉಜ್ಜುಕಾಗದ ಹಾಸಿ ಉಜ್ಜಿ, ನೀಲಿ ಉದ್ದಕ್ಕೂ ಹರಡಿ ಕಾಣುವವರೆಗೆ ತಿದ್ದು. ಸ್ಕ್ರೂಗಳನ್ನು ನಡುವಿನಿಂದ ಶುರುಮಾಡಿ ತುದಿಗಳ ಕಡೆ ಸ್ವಲ್ಪ ಸ್ವಲ್ಪವೇ ಬಿಗಿ. ಲಾಕ್‌ನಟ್ ಹಾಕುವಾಗ ಸ್ಕ್ರೂ ತಾನೂ ಒಂದಿಷ್ಟು ತಿರುಗುತ್ತದೆ, ಅದಕ್ಕೆ ಜಾಗ ಬಿಟ್ಟಿರು. ಟೇಬಲ್ಲಿನ ತುದಿಯನ್ನು ಕೈಯಿಂದ ಮುಂದೆ ಹಿಂದೆ, ಮೇಲೆ ಕೆಳಗೆ ಒತ್ತಿ ಡಯಲ್ ನೋಡು. ಕೈಬಿಟ್ಟಾಗ ಸೂಜಿ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು, ಹ್ಯಾಂಡಲ್ ಟೇಬಲ್ಲಿನ ಎರಡೂ ತುದಿಗಳಲ್ಲಿ ಒಂದೇ ಹದದಲ್ಲಿ ತಿರುಗಬೇಕು. ಗಿಬ್ ಸರಿಯಾಗುವವರೆಗೆ ಮುಂದಿನ ಯಾವ ಅಳತೆಗೂ ಬೆಲೆಯಿಲ್ಲ.

ಯಾಕೆಂದರೆ ಈ ಕೆಲಸಕ್ಕೆ ಒಂದು ಕ್ರಮವಿದೆ. ಅವ್ವ ಭಜನೆಗೆ ಕೂರುವ ಮೊದಲು ತಂಬೂರಿಯಲ್ಲಿ ಷಡ್ಜವನ್ನು ನಿಲ್ಲಿಸಿಕೊಂಡು, ಉಳಿದ ತಂತಿಗಳನ್ನು ಅದಕ್ಕೆ ಹೊಂದಿಸುತ್ತಿದ್ದಳಲ್ಲ, ಇಲ್ಲಿಯೂ ಹಾಗೇ. ಮೊದಲು ಟೇಬಲ್. ಟೇಬಲ್ಲಿಗೆ ಲಂಬವಾಗಿ ಕಾಲಮ್. ಆಮೇಲೆ ಟೇಬಲ್ಲಿಗೆ ಲಂಬವಾಗಿ ಸ್ಪಿಂಡಲ್. ಕೊನೆಗೆ ಟೇಬಲ್ಲಿನ ಓಟಕ್ಕೆ ಸರಿಯಾಗಿ ವೈಸ್. ಎಷ್ಟೋ ಜನ ನೇರವಾಗಿ ಹೆಡ್ಡನ್ನೇ ಸರಿಮಾಡಲು ಹೋಗುತ್ತಾರೆ. ಕಾಲಮ್ ವಾಲಿರುವಾಗ ಹೆಡ್ ಸರಿಮಾಡಿದರೆ ಆ ಒಂದು ಎತ್ತರದಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಉದ್ದನೆಯ ಡ್ರಿಲ್ ತೆಗೆದು ಗಿಡ್ಡನೆಯ ಕಟರ್ ಹಾಕಲು ಹೆಡ್ ಇಳಿಸಿದೊಡನೆ ಕೇಂದ್ರ ಪಕ್ಕಕ್ಕೆ ಜಾರಿರುತ್ತದೆ. ನಿನ್ನ ಸಿಲಿಂಡರಿನ ತೂತು ಅದರ ಮುಚ್ಚಳದ ತೂತುಗಳಿಗೆ ಹೊಂದದೆ ಹೋಗುವುದು ಹೀಗೆ.

ಕಾಲಮ್ ಅಳೆಯಲು ಒಂದು ಒಳ್ಳೆಯ ಟ್ರೈಸ್ಕ್ವೇರ್, ಒಂದು ಲಿವರ್ ಡಯಲ್, ಮ್ಯಾಗ್ನೆಟ್ ಸ್ಟ್ಯಾಂಡ್ ಸಾಕು. ಡಯಲ್‌ಗೆ ಮಾತ್ರ ಕೈ ಬಿಚ್ಚಿ ಖರ್ಚುಮಾಡು. ನಾನು ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಅಂಗಡಿ ಅಂಗಡಿ ಸುತ್ತಿ ಒಂದು ಬೇಕರ್ ಡಯಲ್ ತಂದೆ, 0.01 ಮಿಮೀ ಓದುವುದು. ಸ್ಕ್ವೇರನ್ನು ಟೇಬಲ್ ಮೇಲೆ ನಿಲ್ಲಿಸಿ, ಹೆಡ್ಡಿಗೆ ಕಟ್ಟಿದ ಡಯಲಿನ ಮೊನೆ ಅದರ ನಿಂತ ಅಂಚಿಗೆ ತಾಗುವಂತೆ ಮಾಡಿ, ಹೆಡ್ಡನ್ನು 100 ಮಿಮೀ ಇಳಿಸು. ಎಡ–ಬಲ ಒಮ್ಮೆ, ಹಿಂದೆ–ಮುಂದೆ ಒಮ್ಮೆ. ಆಮೇಲೆ ಸ್ಕ್ವೇರನ್ನು ಎದುರು ದಿಕ್ಕಿಗೆ ತಿರುಗಿಸಿಟ್ಟು ಮತ್ತೆ ಅಳೆ.

ಒಂದು ಲೆಕ್ಕ ಹೇಳುತ್ತೇನೆ, ಬ್ಯಾಂಕಿನವನಿಗೆ ಇಷ್ಟವಾಗುತ್ತದೆ. ಮೊದಲ ಸಲ ಕಾಲಮ್ 100 ಮಿಮೀಗೆ 0.07 ಮಿಮೀ ಬಲಕ್ಕೆ ವಾಲಿದಂತೆ ತೋರಿತು ಅಂದುಕೋ. ಸ್ಕ್ವೇರ್ ತಿರುಗಿಸಿದ ಮೇಲೆ 0.03 ಬಲಕ್ಕೆ ತೋರಿತು. ಎರಡನ್ನೂ ಕೂಡಿ ಅರ್ಧ ಮಾಡಿದರೆ 0.05, ಅದು ಕಾಲಮ್ಮಿನ ತಪ್ಪು. ಎರಡರ ವ್ಯತ್ಯಾಸದ ಅರ್ಧ 0.02, ಅದು ಸ್ಕ್ವೇರಿನ ತಪ್ಪು. ಒಂದೇ ಅಳತೆಯನ್ನು ನಂಬಿದ್ದರೆ ಸ್ಕ್ವೇರಿನ ತಪ್ಪನ್ನೂ ಮಷೀನಿನ ಮೇಲೆ ಹೊರಿಸುತ್ತಿದ್ದೆ. ಈಗ ಕಾಲಮ್ಮಿನ ಬೋಲ್ಟುಗಳ ನಡುವೆ ಎಡದಿಂದ ಬಲಕ್ಕೆ 120 ಮಿಮೀ ಅಂತರವಿದ್ದರೆ, ಬಲಗಡೆಯ ಎರಡು ಬೋಲ್ಟುಗಳ ಕೆಳಗೆ 0.06 ಮಿಮೀ ಶಿಮ್ ಬೇಕು: 0.05ನ್ನು 100ರಿಂದ ಭಾಗಿಸಿ 120ರಿಂದ ಗುಣಿಸಿದರಾಯಿತು. ಶಿಮ್ ತುಣುಕು ಸಣ್ಣದಾಗಿರದೆ ಎರಡೂ ಬೋಲ್ಟಿನ ಕೆಳಗೆ ಉದ್ದಕ್ಕೂ ಹಾಯುವ ಪಟ್ಟಿಯಾಗಿರಲಿ. ಬೋಲ್ಟುಗಳನ್ನು ಪೂರ್ತಿ ಬಿಗಿದ ಮೇಲೆ ಓದಿದ ಅಂಕಿಯನ್ನು ಮಾತ್ರ ಬರೆ. ಸಡಿಲ ಬೋಲ್ಟಿನ ಮೇಲಿನ ಅಂಕಿ ಲೆಕ್ಕಕ್ಕಿಲ್ಲ.

ಹೆಡ್ಡಿಗೆ ಬರೋಣ. ಸ್ಪಿಂಡಲ್ಲಿಗೆ ಒಂದು ತೋಳು ಕಟ್ಟಿ, ಅದರ ತುದಿಗೆ ಡಯಲ್ ಸಿಕ್ಕಿಸಿ, ಸ್ಪಿಂಡಲ್ಲನ್ನು ಕೈಯಿಂದ ಸುತ್ತಿಸುತ್ತ ಟೇಬಲ್ಲಿನ ಎಡ, ಬಲ, ಮುಂದೆ, ಹಿಂದೆ ನಾಲ್ಕು ಕಡೆ ಓದಬೇಕು. ಟೇಬಲ್ಲಿನ ಟಿ-ಸ್ಲಾಟಿನಲ್ಲಿ ಮೊನೆ ಬೀಳದಿರಲು ಒಂದು ಉಪಾಯ: ದೊಡ್ಡ ಬಾಲ್ ಬೇರಿಂಗಿನ ಹೊರಬಳೆಯನ್ನು ಟೇಬಲ್ ಮೇಲಿಟ್ಟು ಅದರ ಮೇಲೆ ಓಡಿಸು. ಬೇರಿಂಗ್ ಬಳೆಯ ಎರಡು ಮುಖಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಗ್ರೈಂಡ್ ಮಾಡಿರುತ್ತಾರೆ, ಗುಜರಿಯಲ್ಲಿ ಸಿಗುವ ಬಳೆಯೂ ಸಾಕು. ತೋಳು ಸೊಟ್ಟಗಿದ್ದರೂ ಚಿಂತೆಯಿಲ್ಲ. ಅದೇ ತೋಳು, ಅದೇ ಡಯಲ್ ಎರಡೂ ಕಡೆಗೆ ಹೋಗುವುದರಿಂದ ಇಲ್ಲಿ ತಿರುಗಿಸಿ ಅಳೆಯುವ ಕೆಲಸವನ್ನು ಸ್ಪಿಂಡಲ್ಲೇ ಮಾಡಿಕೊಡುತ್ತದೆ.

ಎಷ್ಟು ಸರಿಯಾದರೆ ಸಾಕು ಎಂಬುದನ್ನೂ ಲೆಕ್ಕ ಹಾಕಿ ತೀರ್ಮಾನಿಸು. 150 ಮಿಮೀ ವ್ಯಾಸದ ಸುತ್ತಿನಲ್ಲಿ ಮುಂದೆ ಹಿಂದೆ 0.03 ಮಿಮೀ ವ್ಯತ್ಯಾಸ ಬಂತು ಅಂದುಕೋ. 50 ಮಿಮೀ ಕಟರಿನಿಂದ ಎಡದಿಂದ ಬಲಕ್ಕೆ ಪಕ್ಕಪಕ್ಕದಲ್ಲಿ ಎರಡು ಸಾಲು ಕತ್ತರಿಸಿದರೆ ನಡುವೆ 0.01 ಮಿಮೀ ಮೆಟ್ಟಿಲು ಬೀಳುತ್ತದೆ. ಉಗುರಿಗೆ ತಾಗಿಯೂ ತಾಗದಷ್ಟು. ಅಷ್ಟೇ ವ್ಯತ್ಯಾಸ ಎಡ–ಬಲದಲ್ಲಿದ್ದರೆ ಸಾಲಿನ ನಡುವೆ 0.005 ಮಿಮೀ ತಗ್ಗು. ನಿನ್ನ ಎಂಜಿನ್ನಿಗೆ ಇದು ಧಾರಾಳವಾಗಿ ಸಾಕು. ಸೊನ್ನೆಯ ಹಿಂದೆ ಬಿದ್ದು ವಾರಗಟ್ಟಲೆ ಹೆಡ್ ಬೋಲ್ಟ್ ಬಿಚ್ಚಿ ಬಿಗಿಯುತ್ತ ಕೂರಬೇಡ.

ಸ್ಪಿಂಡಲ್ಲಿನ ಬೇರಿಂಗುಗಳಿಗೆ ಮೊದಲು ಸ್ವಲ್ಪ ಓಟದ ಅಭ್ಯಾಸ ಬೇಕು. ಕಡಿಮೆ ವೇಗ, ನಡುವಿನ ವೇಗ, ಪೂರ್ಣ ವೇಗ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಖಾಲಿ ಓಡಿಸಿ, ಪ್ರತಿ ಸಲವೂ ಮಷೀನು ನಿಲ್ಲಿಸಿ ಹೆಡ್ಡಿನ ಮೇಲೆ ಅಂಗೈ ಇಡು. ಬೆಚ್ಚಗಾದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಗಿಯಾಗಿದೆ. ಸ್ಪಿಂಡಲ್ಲಿನ ತುದಿಯ ಟೇಪರಿನ ಒಳಗೆ ಒಂದು ಕಣ ಚಿಪ್ ಇದ್ದರೂ ಕಟರ್ ಓಲಾಡುತ್ತದೆ, ಪ್ರತಿ ಸಲ ಒರೆಸಿಯೇ ಹಾಕು. ಕಟರ್ ಹಿಡಿಯಲು ಡ್ರಿಲ್ ಚಕ್ ಬಳಸಲೇಬೇಡ, ಅದು ಪಕ್ಕದ ಒತ್ತಡ ತಡೆಯಲು ಹುಟ್ಟಿದ್ದಲ್ಲ. ಕಟರನ್ನು ಸುತ್ತಲಿಂದ ಬಿಗಿಹಿಡಿಯುವ ಇಆರ್ ಕೊಲೆಟ್ ತಗೋ. ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಕಂಪನಿ 1970ರ ದಶಕದಲ್ಲಿ ರೂಪಿಸಿದ ಈ ಕೊಲೆಟ್ ಈಗ ಎಲ್ಲ ಊರುಗಳಲ್ಲೂ ಸಿಗುತ್ತದೆ.

ವೈಸನ್ನು ಡಯಲ್ ಹಿಡಿದು ನೇರ ಮಾಡುವುದು ದಿನನಿತ್ಯದ ಕೆಲಸವಾಗುತ್ತದೆ. ಅಲುಗದ ದವಡೆಗೆ ಡಯಲ್ ತಾಗಿಸಿ ಟೇಬಲ್ ಓಡಿಸು. ಒಂದು ಬೋಲ್ಟ್ ಬಿಗಿ, ಇನ್ನೊಂದು ಅರೆಬಿಗಿ ಇಟ್ಟು, ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ದವಡೆಯ ಉದ್ದಕ್ಕೂ ಸೂಜಿ 0.01ರೊಳಗೆ ನಿಲ್ಲುವಂತೆ ಮಾಡು. ಯಾವಾಗಲೂ ಅಲುಗದ ದವಡೆಯನ್ನೇ ನಂಬು. ಸರಿಯುವ ದವಡೆ ಬಿಗಿದಾಗ ಮೇಲೇಳುತ್ತದೆ.

ಹ್ಯಾಂಡಲಿನ ಅಂಕಿಗಳ ಬಗ್ಗೆ ಒಂದು ಮಾತು. ಒಂದು ದಿಕ್ಕಿಗೆ ತಿರುಗಿಸಿ ಮತ್ತೆ ಹಿಂದಕ್ಕೆ ತಿರುಗಿಸಿದರೆ ಟೇಬಲ್ ಒಡನೆ ಹೊರಡುವುದಿಲ್ಲ. ಲೀಡ್‌ಸ್ಕ್ರೂ ಮತ್ತು ನಟ್ಟಿನ ನಡುವಿನ ಆ ಸಡಿಲವೇ ಬ್ಯಾಕ್‌ಲ್ಯಾಶ್. ಡಯಲ್ ಇಟ್ಟು ಅದು ಎಷ್ಟೆಂದು ಅಳೆದು ಚಾರ್ಟಿನಲ್ಲಿ ಬರೆ, ಅಳತೆಗೆ ಬರುವಾಗ ಯಾವಾಗಲೂ ಒಂದೇ ದಿಕ್ಕಿನಿಂದ ಬಾ. ಇದೇ ಕಾರಣಕ್ಕೆ ಕಟರ್ ತಿರುಗುವ ದಿಕ್ಕಿಗೆ ಎದುರಾಗಿ ಜಾಬನ್ನು ಒಯ್ಯಬೇಕು, ಅದು ಅಪ್ ಮಿಲ್ಲಿಂಗ್. ದಿಕ್ಕು ತಪ್ಪಿಸಿದರೆ ಕಟರ್ ಜಾಬನ್ನು ಕಚ್ಚಿ, ಸಡಿಲವಿರುವಷ್ಟೂ ದೂರ ಟೇಬಲ್ಲನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕಟರ್ ಮುರಿಯುವುದು ಆಗಲೇ.

ಬಿಸಿಯ ಮಾತು ಹೇಳದಿದ್ದರೆ ಹೈದರಾಬಾದಿನ ಕಾಗದ ಪೂರ್ತಿಯಾಗದು. ನನ್ನ ಕೋಣೆ ಮಹಡಿಯ ಮೇಲಿದೆ, ಮೇ ತಿಂಗಳಲ್ಲಿ ಒಳಗೇ 42 ಡಿಗ್ರಿ ಆಗುತ್ತದೆ. ಲೋಕದ ಅಳತೆಗಳೆಲ್ಲ 20 ಡಿಗ್ರಿಯ ಲೆಕ್ಕದವು. ಆ 22 ಡಿಗ್ರಿಯ ಏರಿಕೆಗೆ 100 ಮಿಮೀ ಅಲ್ಯೂಮಿನಿಯಂ ಸುಮಾರು 0.05 ಮಿಮೀ ಬೆಳೆಯುತ್ತದೆ, ಅಷ್ಟೇ ಉದ್ದದ ಉಕ್ಕು 0.025 ಮಾತ್ರ. ಉಕ್ಕಿನ ಮೈಕ್ರೋಮೀಟರಿನಿಂದ ಅಲ್ಯೂಮಿನಿಯಂ ಅಳೆದರೆ ವ್ಯತ್ಯಾಸ ಅಲ್ಲೇ ಕೂತಿರುತ್ತದೆ. ಹುಬ್ಬಳ್ಳಿ ಇಷ್ಟು ಸುಡದು, ಆದರೂ ಮಷೀನಿನ ಮೇಲೆ ಒಂದೇ ಬದಿಯಿಂದ ಬಿಸಿಲು ಬೀಳದಂತೆ ನೋಡಿಕೋ. ಬಿಸಿಲಿಗೆ ಕಾಲಮ್ಮಿನ ಒಂದು ಬದಿ ಹಿಗ್ಗಿದರೆ ಬೆಳಗ್ಗೆ ಹಾಕಿದ ಶಿಮ್ಮಿನ ಲೆಕ್ಕ ಮಧ್ಯಾಹ್ನಕ್ಕೆ ಬೇರೆಯಾಗುತ್ತದೆ. ಅಳೆಯುವುದು, ತಿದ್ದುವುದು ಒಂದೇ ಹೊತ್ತಿನಲ್ಲಿ ಆಗಲಿ.

ಇದೆಲ್ಲ ಮುಗಿದ ಮೇಲೆ ಮೊದಲ ಜಾಬ್ ಆಗಿ ಎಂಜಿನ್ನಿನ ಭಾಗ ಮಾಡಬೇಡ. ಒಂದು ಅಲ್ಯೂಮಿನಿಯಂ ತುಂಡನ್ನು ಆರೂ ಮುಖ ಚೌಕ ಮಾಡು. ಮೊದಲ ಮುಖ ಸಪಾಟು ಮಾಡಿ, ಅದನ್ನು ಅಲುಗದ ದವಡೆಗೆ ಆನಿಸಿ, ಸರಿಯುವ ದವಡೆಯ ಬದಿಗೆ ಒಂದು ಗುಂಡು ಸರಳು ಇಟ್ಟು ಬಿಗಿ. ಆಗ ಸಪಾಟಾದ ಮುಖ ಪೂರ್ತಿಯಾಗಿ ಕೂರುತ್ತದೆ, ಮುಂದಿನ ಮುಖ ಅದಕ್ಕೆ ಲಂಬವಾಗಿ ಬರುತ್ತದೆ. ಮುಗಿದ ಮೇಲೆ ನಾಲ್ಕು ಮೂಲೆಯ ದಪ್ಪ ಅಳೆ, ಸ್ಕ್ವೇರ್ ಹಿಡಿದು ಬೆಳಕಿಗೆ ನೋಡು. ಕಾಲಮ್, ಹೆಡ್, ವೈಸ್, ಗಿಬ್ ಎಲ್ಲವೂ ಆ ಒಂದು ತುಂಡಿನ ಮೇಲೆ ತಮ್ಮ ಸಾಕ್ಷಿ ಬರೆದಿರುತ್ತವೆ. ಕಟರ್ ಬಿಟ್ಟ ಗೆರೆಗಳು ಹೋಗುವಾಗಲೂ ಬರುವಾಗಲೂ ಬಿದ್ದು ಒಂದನ್ನೊಂದು ಕತ್ತರಿಸಿದ್ದರೆ ಹೆಡ್ ಓಟದ ದಿಕ್ಕಿನಲ್ಲಿ ಸರಿಯಾಗಿದೆ.

ವೇಗದ ಲೆಕ್ಕವೂ ಇರಲಿ. 10 ಮಿಮೀ ಎಚ್‌ಎಸ್‌ಎಸ್ ಎಂಡ್‌ಮಿಲ್ಲಿಗೆ ಮೈಲ್ಡ್ ಸ್ಟೀಲಿನಲ್ಲಿ ನಿಮಿಷಕ್ಕೆ 25 ಮೀಟರ್ ಹಿಡಿದರೆ ಸುಮಾರು 800 ಸುತ್ತು. ಅಲ್ಯೂಮಿನಿಯಂಗೆ ಅದರ ಮೂರು ಪಟ್ಟು. ನಾಲ್ಕು ಹಲ್ಲಿಗೆ ತಲಾ 0.04 ಮಿಮೀ ಕೊಟ್ಟರೆ ಉಕ್ಕಿನಲ್ಲಿ ನಿಮಿಷಕ್ಕೆ 130 ಮಿಮೀ ಹತ್ತಿರ ಟೇಬಲ್ ಓಡಬೇಕು. ಆಳ ಮಾತ್ರ ಕಡಿಮೆ ಇಡು. ಹೆಡ್ಡನ್ನು ಅಂಗೈಯಿಂದ ಬಲವಾಗಿ ಒತ್ತಿ ಡಯಲ್ ನೋಡು, ಇಷ್ಟು ಚಿಕ್ಕ ಮಷೀನಿನಲ್ಲಿ ಸೂಜಿ ಓಡುತ್ತದೆ. ಅದು ತಪ್ಪಲ್ಲ, ಅದರ ಮೈಕಟ್ಟು ಅಷ್ಟು. ಆ ಮೈಕಟ್ಟಿಗೆ ತಕ್ಕ ಕೆಲಸ ಕೊಟ್ಟರೆ ಅದು ನಿನ್ನನ್ನು ಕೈಬಿಡುವುದಿಲ್ಲ.

ತಮ್ಮಾ, ಇನ್ನು ಅಕ್ಕನಾಗಿ ಕೆಲವು ಮಾತು. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನನ ಕೈಲಿ ಪರೀಕ್ಷೆ ಮಾಡಿಸದೆ ಪ್ಲಗ್ ಸಿಕ್ಕಿಸಬೇಡ. ಕನ್ನಡಕವಿದೆಯೆಂದು ಸುಮ್ಮನಿರದೆ ಅದರ ಮೇಲೆ ಸುರಕ್ಷಾ ಕನ್ನಡಕ ಹಾಕು. ತಿರುಗುವ ಮಷೀನಿನ ಹತ್ತಿರ ಕೈಗವಸು, ತುಂಬುತೋಳಿನ ಅಂಗಿ, ಹೆಗಲ ಮೇಲಿನ ಟವೆಲ್ ಯಾವುದೂ ಬೇಡ. ಚಿಪ್ಸನ್ನು ಬ್ರಷ್ಷಿನಿಂದ ತೆಗೆ, ಬೆರಳಿನಿಂದ ಎಂದಿಗೂ ಅಲ್ಲ. ದಣಿದ ಹೊತ್ತಿನಲ್ಲಿ ಇನ್ನೊಂದೇ ಸಾಲು ಅನ್ನಿಸಿದಾಗ ಮಷೀನು ಆರಿಸು. ಟೂಲ್‌ರೂಮಿನಲ್ಲಿ ನಾನು ಕಂಡ ಗಾಯಗಳು ಬಹುಪಾಲು ಆ ಕೊನೆಯ ಸಾಲಿನವು.

ಇಷ್ಟೆಲ್ಲ ಬೇಕೇ, ಕೊಂಡ ಮಷೀನು ಕೊಂಡ ಹಾಗೇ ಓಡದೇ ಎಂದು ನಿನಗನ್ನಿಸಬಹುದು. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1840ರಲ್ಲಿ ವಿವರಿಸಿದ ಒಂದು ವಿಧಾನವಿದೆ. ಪೂರ್ತಿ ಸಪಾಟಾದ ಫಲಕ ಬೇಕು, ಹೋಲಿಸಲು ಸಪಾಟಾದದ್ದು ಯಾವುದೂ ಇಲ್ಲ. ಎರಡು ಫಲಕಗಳನ್ನು ಒಂದಕ್ಕೊಂದು ತಾಗಿಸಿ ಕೆರೆದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿಯೂ ಚೆನ್ನಾಗಿ ಕೂತುಬಿಡಬಹುದು. ಮೂರನೆಯದನ್ನು ತಂದು ಮೂರನ್ನೂ ಅದಲುಬದಲು ಮಾಡಿ ತಾಗಿಸುತ್ತ ಕೆರೆಯುತ್ತ ಹೋದರೆ ಮೂರೂ ಸಪಾಟಾಗದೆ ಬೇರೆ ದಾರಿಯಿಲ್ಲ. ಜಗತ್ತಿನ ನಿಖರತೆಯೆಲ್ಲ ಹೀಗೆ ಅಷ್ಟೇನೂ ನಿಖರವಲ್ಲದ ವಸ್ತುಗಳಿಂದ, ತಾಳ್ಮೆಯಿಂದ ಹುಟ್ಟಿತು. ಇಲ್ಲಿನ ರಾಯದುರ್ಗದಲ್ಲಿ 2023ರಲ್ಲಿ ಟಿ-ವರ್ಕ್ಸ್ ಎಂಬ ಕಾರ್ಯಾಗಾರ ಶುರುವಾದ ಮೇಲೆ ಹೈದರಾಬಾದಿನ ಹುಡುಗರಿಗೆ ದೊಡ್ಡ ದೊಡ್ಡ ಯಂತ್ರಗಳು ಕೈಗೆಟುಕಿವೆ, ನನಗೆ ಅದು ಹೆಮ್ಮೆ. ಆದರೆ ಅಲ್ಲಿನ ಯಂತ್ರಕ್ಕೂ ನಿನ್ನ ಮೇಜಿನ ಯಂತ್ರಕ್ಕೂ ತಿರುಗಿಸಿ ಮತ್ತೊಮ್ಮೆ ಅಳೆಯುವ ನಿಯಮ ಒಂದೇ. ಅಪ್ಪ ಅರವತ್ತರ ದಶಕದಲ್ಲಿ ಮಾಡುತ್ತಿದ್ದುದೂ ಇದನ್ನೇ. ಅವರ ಕೈಯಲ್ಲಿದ್ದ ಬೆಲೆಬಾಳುವ ವಸ್ತು ಡಯಲ್ ಅಲ್ಲ, ಎರಡನೇ ಸಲ ಅಳೆಯುವ ಅಭ್ಯಾಸ. ಅದು ನನಗೆ ಬಂದಿದೆ. ನಿನಗೂ ಬರಲಿ ಎಂಬುದೇ ನನ್ನ ಆಸೆ.

ಒಂದು ನೋಟ್‌ಬುಕ್ ತಗೋ. ಮೊದಲ ಪುಟದಲ್ಲಿ ಮೂರು ಅಂಕಣ ಎಳೆ: ಏನನ್ನು ಅಳೆದೆ, ಮೊದಲ ಓದು, ತಿರುಗಿಸಿದ ಮೇಲಿನ ಓದು. ಕಾಲಮ್ ಎಡ–ಬಲ, ಕಾಲಮ್ ಹಿಂದೆ–ಮುಂದೆ, ಸ್ಪಿಂಡಲ್ಲಿನ ನಾಲ್ಕು ಓದು, ಟೇಪರಿನ ಓಲಾಟ, ಎರಡೂ ಸ್ಕ್ರೂಗಳ ಬ್ಯಾಕ್‌ಲ್ಯಾಶ್, ಕೋಣೆಯ ಉಷ್ಣತೆ. ಕೆಳಗೆ ತಾರೀಖು ಹಾಕಿ ನಿನ್ನ ಸಹಿ ಮಾಡು. ದೀಪಾವಳಿಯ ಹೊತ್ತಿಗೆ ಮತ್ತೊಂದು ಪುಟ, ಯುಗಾದಿಗೆ ಇನ್ನೊಂದು. ಹೊಸ ಬೀಡು ಕಬ್ಬಿಣ ತನ್ನೊಳಗಿನ ಬಿಗುಪನ್ನು ಬಿಡುತ್ತ ಮೆಲ್ಲಗೆ ಅಲುಗುವುದುಂಟು. ಪುಟಗಳನ್ನು ಹೋಲಿಸಿದರೆ ಅದೂ ತಿಳಿಯುತ್ತದೆ.

ಮೊದಲ ಪುಟದ ಫೋಟೋ ನನಗೆ ಕಳಿಸು, ಹೆಡ್ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮೊದಲೇ ಕಳಿಸು. ಇಬ್ಬರೂ ಕೂತು ಲೆಕ್ಕ ನೋಡಿ ಯಾವ ಬದಿಗೆ ಎಷ್ಟು ಶಿಮ್ ಎಂದು ತೀರ್ಮಾನಿಸೋಣ. ಸಿಲಿಂಡರ್ ಬೋರ್ ಮಾಡುವ ದಿನಕ್ಕೆ ನಾನು ಹುಬ್ಬಳ್ಳಿಗೆ ಬರುತ್ತೇನೆ, ಡಯಲ್ ನನ್ನ ಚೀಲದಲ್ಲೇ ಇರುತ್ತದೆ.



ನಿನ್ನ ಪ್ರೀತಿಯ
ಅಕ್ಕ